ಕರೆಂಟ್ ಹೋದ ರಾತ್ರಿ ಆಕ್ಸಿಜನ್: ಮಲೆನಾಡಿನ ತೋಟದ ಮನೆಯೊಂದರ ಪ್ರಕರಣ ಅಧ್ಯಯನ

ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಆಗುಂಬೆ ಕಡೆಯ ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಮಣ್ಣುದಾರಿ ಇಳಿಯಬೇಕು. ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚು, ಅಂಗಳದ ಕೆಳಗೆ ಅಡಿಕೆ ತೋಟ. ಇರುವವರು ಇಬ್ಬರೇ, 71ರ ಅಜ್ಜಿ ಮತ್ತು 76ರ ಅಜ್ಜ. ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಲ್ಲಿ. ಹತ್ತಿರದ ಮನೆ ತೋಟದ ಆಚೆ ದಿಣ್ಣೆಯಲ್ಲಿ, ಸುಮಾರು 350 ಮೀಟರ್. ಶಿವಮೊಗ್ಗದ ದೊಡ್ಡಾಸ್ಪತ್ರೆ ತೀರ್ಥಹಳ್ಳಿ ಪೇಟೆಯಿಂದಲೇ 60 ಕಿಲೋಮೀಟರ್.

ಅಜ್ಜಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ಬೀಡಿ ಮುಟ್ಟಿದವರಲ್ಲ, ನಲವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದವರು. ಒಲೆಯ ಹೊಗೆಯಿಂದ ಬರುವ ಸಿಒಪಿಡಿ ಹಳ್ಳಿಯ ಹೆಂಗಸರಲ್ಲಿ ಹೊಸದೇನಲ್ಲ; ‘ವಯಸ್ಸಾಯ್ತು, ಉಬ್ಬಸ’ ಎಂದು ವರ್ಷಗಟ್ಟಲೆ ತಳ್ಳುತ್ತಾರೆ ಅಷ್ಟೆ. ವೈದ್ಯರು ಬರೆದುಕೊಟ್ಟದ್ದು ನಿಮಿಷಕ್ಕೆ 2 ಲೀಟರ್ ಆಕ್ಸಿಜನ್, ದಿನಕ್ಕೆ ಕನಿಷ್ಠ 15 ಗಂಟೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಅಂಕಿ 88ರಿಂದ 92ರ ನಡುವೆ ಇರಬೇಕು. 98ಕ್ಕೆ ಏರಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರು ಬಹಳ. ಅಲ್ಲ. ಇಂಥ ಕೆಲವರಲ್ಲಿ ಆಕ್ಸಿಜನ್ ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಮಂಪರು ಕವಿಯುತ್ತದೆ. ಅಜ್ಜನಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಕಿವಿ ಸ್ವಲ್ಪ ಮಂದ.

ಈ ಮನೆ ಮೊದಲೇ ‘ಸ್ಮಾರ್ಟ್’ ಆಗಿತ್ತು. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ನಿಮಿಷಕ್ಕೆ 5 ಲೀಟರ್‌ವರೆಗೆ ಕೊಡುವ ಕಾನ್ಸಂಟ್ರೇಟರ್ (ಮುಂದೆ ‘ಮಿಷನ್’ ಎಂದರೆ ಇದೇ), ಅದಕ್ಕೊಂದು ವೈಫೈ ಸ್ಮಾರ್ಟ್ ಪ್ಲಗ್, ನಡುಮನೆಯಲ್ಲಿ ಕ್ಯಾಮೆರಾ, ಮಗನ ಫೋನಿನಲ್ಲಿ ಆ್ಯಪ್. ಕರೆಂಟ್ ಹೋದರೆ 12 ವೋಲ್ಟಿನ ಇನ್ವರ್ಟರ್, 150 ಎಎಚ್ (ಆಂಪ್-ಅವರ್) ಟ್ಯೂಬ್ಯುಲರ್ ಬ್ಯಾಟರಿ.

ಜುಲೈನ ಒಂದು ರಾತ್ರಿ 11.20ಕ್ಕೆ ಎಲ್ಲೋ ಲೈನಿನ ಮೇಲೆ ಮರ ಬಿತ್ತು. ಇನ್ವರ್ಟರ್ ಹಿಡಿದುಕೊಂಡಿತು. 1.10ಕ್ಕೆ ಬ್ಯಾಟರಿ ಮುಗಿಯಿತು, ಮಿಷನ್ ನಿಂತಿತು. ನಿಂತಾಗ ಕೂಗಬೇಕಿದ್ದ ಅಲಾರಾಂ ಆ ಮಾದರಿಯಲ್ಲಿ 9 ವೋಲ್ಟಿನ ಪುಟ್ಟ ಬ್ಯಾಟರಿಯ ಮೇಲೆ ನಡೆಯುವಂಥದ್ದು. ಅದು ಸತ್ತು ಎಷ್ಟು ಕಾಲವಾಗಿತ್ತೋ, ಯಾರೂ ನೋಡಿರಲಿಲ್ಲ. ಕೂಗಿದ್ದರೂ ಹೆಂಚಿನ ಮೇಲೆ ಬೀಳುವ ಆಷಾಢದ ಮಳೆಯಲ್ಲಿ ಕೇಳುತ್ತಿತ್ತೇ ಎನ್ನುವುದು ಬೇರೆ ಮಾತು. 3.40ಕ್ಕೆ ಕರೆಂಟ್ ಬಂತು, ಫ್ಯಾನ್ ತಿರುಗಿತು, ಮಿಷನ್ ಮಾತ್ರ ಏಳಲಿಲ್ಲ. ಬೆಳಗ್ಗೆ ಆರಕ್ಕೆ ಅಜ್ಜ ಕಾಫಿಗೆ ಎದ್ದಾಗ ಅಜ್ಜಿ ಕರೆದರೆ ಸರಿಯಾಗಿ ಓಗೊಡುತ್ತಿರಲಿಲ್ಲ. ಆಕ್ಸಿಮೀಟರಿನಲ್ಲಿ 79. 108ಕ್ಕೆ ಫೋನು, ಆಸ್ಪತ್ರೆ, ನಾಲ್ಕು ದಿನ.

ಕರೆಂಟ್ ಬಂದ ಮೇಲೂ ಮಿಷನ್ ಏಕೆ ಏಳಲಿಲ್ಲ ಎಂಬುದೇ ಈ ಪ್ರಕರಣದ ತಿರುಳು. ಸ್ಮಾರ್ಟ್ ಪ್ಲಗ್‌ಗಳಲ್ಲಿ, ಕರೆಂಟ್ ಹೋಗಿ ಬಂದಾಗ ಆನ್ ಆಗಬೇಕೋ, ಆಫ್ ಇರಬೇಕೋ, ಮೊದಲಿದ್ದ ಸ್ಥಿತಿಗೆ ಮರಳಬೇಕೋ ಎಂಬ ಆಯ್ಕೆ ಸೆಟ್ಟಿಂಗಿನ ಯಾವುದೋ ಮೂಲೆಯಲ್ಲಿ ಇರುತ್ತದೆ. ಇಲ್ಲಿ ಅದು ‘ಆಫ್’ ಎಂದಿತ್ತು. ದೀಪಕ್ಕೋ ಗೀಸರಿಗೋ ಅದು ಸರಿಯಾದ ಸೆಟ್ಟಿಂಗೇ, ಉಸಿರಾಟದ ಯಂತ್ರಕ್ಕಲ್ಲ. ಮಗನ ಫೋನಿನಲ್ಲಿ ಪ್ಲಗ್, ಕ್ಯಾಮೆರಾ ಎರಡೂ ‘ಆಫ್‌ಲೈನ್’ ಎಂದು ತೋರಿಸಿದ್ದವು ನಿಜ. ಮಳೆಗಾಲದಲ್ಲಿ ವಾರಕ್ಕೆ ಮೂರು ಸಲ ಹಾಗೆ ತೋರಿಸುತ್ತಿದ್ದರಿಂದ ಆತ ನೋಡಿ ಮಲಗಿದ.

ಮೊದಲು ವ್ಯಾಟ್ ಲೆಕ್ಕ

ಮಿಷನ್ ಅಳೆದು ನೋಡಿದರೆ 330 ವ್ಯಾಟ್. 2 ಲೀಟರಿಗೆ ಇಟ್ಟರೆ ಕರೆಂಟ್ ಕಡಿಮೆ ಎಳೆಯುತ್ತದೆಂದು ಮನೆಯವರ ನಂಬಿಕೆ. ಒಳಗಿನ ಕಂಪ್ರೆಸರ್ 2 ಲೀಟರಿಗೂ 5 ಲೀಟರಿಗೂ ಹೆಚ್ಚುಕಮ್ಮಿ ಒಂದೇ ಓಟ ಓಡುತ್ತದೆ. ಗುಂಡಿ ತಿರುಗಿಸಿದರೆ ಬದಲಾಗುವುದು ಹೊರಗೆ ಬರುವ ಗಾಳಿ ಮಾತ್ರ. ಅದರ ಜೊತೆಗೆ ಆ ರಾತ್ರಿ ಫ್ಯಾನು, ದೀಪ, ರೂಟರ್ ಸೇರಿ 430 ವ್ಯಾಟ್. ಇನ್ವರ್ಟರಿನ ನಷ್ಟ ಸೇರಿಸಿದರೆ 12 ವೋಲ್ಟ್ ಬ್ಯಾಟರಿಯಿಂದ ಎಳೆದದ್ದು ಸುಮಾರು 45 ಆಂಪ್. ಬ್ಯಾಟರಿಯ ಮೇಲೆ ಬರೆದ 150 ಎಎಚ್ ಎಂಬುದು 20 ಗಂಟೆಯ ಲೆಕ್ಕ, ಅಂದರೆ ಏಳೂವರೆ ಆಂಪಿನಂತೆ ನಿಧಾನ ಎಳೆದರೆ ಸಿಗುವುದು. 45ರಂತೆ ಎಳೆದರೆ ಹೊಸ ಬ್ಯಾಟರಿಯೂ ಅಷ್ಟು ಕೊಡದು. ನಾಲ್ಕು ವರ್ಷ ಹಳೆಯದು 1 ಗಂಟೆ 50 ನಿಮಿಷ ಬಂದದ್ದೇ ದೊಡ್ಡದು.

ಹೊಸದಾಗಿ ಮಾಡಿದ್ದು ಪ್ರತ್ಯೇಕ ‘ಮೆಡಿಕಲ್ ಲೈನ್’. ಮೀಟರ್ ಬೋರ್ಡಿನಿಂದಲೇ ಬೇರೆ ಎಂಸಿಬಿ (ಹೆಚ್ಚು ಹೊರೆಗೆ ತಾನೇ ಬೀಳುವ ಸ್ವಿಚ್ಚು), ಬೇರೆ ವಯರು, ಊರಿನ ಕರೆಂಟಿನಂತೆ ನಯವಾದ ಅಲೆ ಕೊಡುವ 24 ವೋಲ್ಟಿನ ಶುದ್ಧ ಸೈನ್‌ವೇವ್ ಇನ್ವರ್ಟರ್ (2 ಕೆವಿಎ), 25.6 ವೋಲ್ಟ್ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಲೆಕ್ಕ ಹೀಗೆ: 25.6ನ್ನು 100ರಿಂದ ಗುಣಿಸಿ ಬಂದ 2560 ವ್ಯಾಟ್-ಅವರ್‌ನಲ್ಲಿ ಶೇ. 90 ಬಳಸಬಹುದು, ಇನ್ವರ್ಟರಿನ ದಕ್ಷತೆ ಶೇ. 85 ಹಿಡಿದರೆ ಕೈಗೆ ಸಿಗುವುದು ಸುಮಾರು 1950. ಮಿಷನ್ ಮತ್ತು ಒಂದು ದೀಪ ಸೇರಿ 350 ವ್ಯಾಟಿಗೆ ಐದೂವರೆ ಗಂಟೆ. ಓಡಿಸಿ ನೋಡಿದಾಗ ಬಂದದ್ದು 5 ಗಂಟೆ 25 ನಿಮಿಷ. ಹಳೆ ಇನ್ವರ್ಟರ್ ದೀಪ, ಫ್ಯಾನಿಗೆ ಉಳಿಯಿತು.

ಸ್ಕ್ವೇರ್‌ವೇವ್ ಇನ್ವರ್ಟರ್ ಅಗ್ಗಕ್ಕೆ ಸಿಗುತ್ತದೆಂದು ಹಾಕಿದರೆ ಕಂಪ್ರೆಸರ್ ಗುಂಯ್ ಎಂದು ಬಿಸಿಯಾಗುತ್ತದೆ. 900 ವಿಎ ಸಾಕಲ್ಲ, 330 ವ್ಯಾಟ್ ತಾನೇ ಎಂದರೆ, ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಅದರ ಕೆಲವು ಪಟ್ಟು ಎಳೆಯುವುದರಿಂದ ಟ್ರಿಪ್ ಆಗಬಹುದು. ಸೀಸದ ಬ್ಯಾಟರಿಗೆಂದು ಮಾಡಿದ ಇನ್ವರ್ಟರಿಗೆ ಲಿಥಿಯಂ ಕೂಡಿಸುವಾಗ ಚಾರ್ಜಿಂಗ್ ವೋಲ್ಟೇಜ್ ನೋಡಲೇಬೇಕು. ಇಂಥ ಎಂಟು ಸೆಲ್ಲಿನ ಬ್ಯಾಟರಿಗೆ 28ರಿಂದ 28.8 ವೋಲ್ಟ್ ಸಾಕು. ಅದಕ್ಕಿಂತ ಮೇಲೆ ಹೋದರೆ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್ (ಬಿಎಂಎಸ್) ತಾನೇ ಕತ್ತರಿಸಿಕೊಳ್ಳುತ್ತದೆ, ಬೇಕಾದಾಗ ಬ್ಯಾಟರಿ ಇರುವುದಿಲ್ಲ.

ಸೋಲಾರ್ ಬಗ್ಗೆ ಮಗ ಬಹಳ ಕೇಳಿದ. ಆಗುಂಬೆಯ ಮಗ್ಗುಲಲ್ಲಿ, ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಸೀಮೆಯಲ್ಲಿ, ಕರೆಂಟ್ ಹೆಚ್ಚು ಕೈಕೊಡುವ ತಿಂಗಳುಗಳೂ ಬಿಸಿಲು ಕಾಣದ ತಿಂಗಳುಗಳೂ ಒಂದೇ. ಫಲಕಕ್ಕೆ ಇಡುವ ದುಡ್ಡು ಈ ಮನೆಯಲ್ಲಿ ಬ್ಯಾಟರಿಗೂ ಅರ್ಥಿಂಗಿಗೂ ಹೋಗಲಿ ಎಂದು ನಿರ್ಧಾರವಾಯಿತು. ಬೇಸಿಗೆಯಲ್ಲಿ ಬಿಲ್ ಇಳಿಸಲು ಬೇಕಾದರೆ ಮುಂದೆ ಹಾಕಿಕೊಳ್ಳಲಿ.

ಎರಡು ದಿನ ಕರೆಂಟ್ ಬಾರದ ಸಂದರ್ಭಕ್ಕೆ 2 ಕೆವಿಎ ಪೆಟ್ರೋಲ್ ಜನರೇಟರ್. 30 ಆಂಪ್ ಚಾರ್ಜರ್ ಎಳೆಯುವುದು 900 ವ್ಯಾಟ್, ಮಿಷನ್ 350, ಒಟ್ಟು 1250. ಮೂರೂವರೆ ಗಂಟೆ ಓಡಿಸಿದರೆ ಬ್ಯಾಟರಿ ತುಂಬುತ್ತದೆ. ಮಳೆ ಬರುತ್ತಿದೆ ಎಂದು ಅದನ್ನು ಜಗಲಿಗೋ ಸೌದೆ ಕೊಟ್ಟಿಗೆಗೋ ತಂದು ಓಡಿಸಕೂಡದು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮೇಲಾಗಿ ಬೆರಳಿನ ಆಕ್ಸಿಮೀಟರ್ ಅದನ್ನು ಆಕ್ಸಿಜನ್ ಎಂದೇ ಓದುತ್ತದೆ. ಅಂಕಿ 95 ತೋರಿಸುತ್ತಾ ಮನುಷ್ಯ ಹೋಗಬಹುದು. ಈ ಮನೆಯಲ್ಲಿ ಅಂಗಳದಾಚೆ, ಕಿಟಕಿಗಳಿಂದ ಹತ್ತು ಮೀಟರ್ ದೂರದಲ್ಲಿ ಎತ್ತರದ ಕಟ್ಟೆ ಕಟ್ಟಿ, ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರ ಹಾಕಲಾಯಿತು.

ಅಳೆಯಬೇಕು, ಕತ್ತರಿಸಬಾರದು

ಸ್ಮಾರ್ಟ್ ಪ್ಲಗ್ ತೆಗೆದುಹಾಕಿ ಮಿಷನ್ನನ್ನು ನೇರ 16 ಆಂಪ್ ಸಾಕೆಟ್ಟಿಗೆ ಕೊಡಲಾಯಿತು. ನಮ್ಮ ಅಭಿಪ್ರಾಯ ಇಲ್ಲಿ ಖಡಾಖಂಡಿತ: ಜೀವ ಉಳಿಸುವ ಯಂತ್ರದ ದಾರಿಯಲ್ಲಿ ಸ್ಮಾರ್ಟ್ ಪ್ಲಗ್ಗಿನೊಳಗಿನಂಥ ರಿಲೇ (ತಾನೇ ಕತ್ತರಿಸಿ ಜೋಡಿಸುವ ಸ್ವಿಚ್ಚು) ಇರಬಾರದು, ಎಷ್ಟೇ ಒಳ್ಳೆಯ ಕಂಪನಿಯದಾಗಲಿ. ಯಂತ್ರ ಓಡುತ್ತಿದೆಯೇ ಎಂದು ತಿಳಿಯಲು ವಯರನ್ನು ಕತ್ತರಿಸದೆಯೇ ಅಳೆಯಬಹುದು. ಬಳಸಿದ್ದು ಪಿಜಡ್‌ಇಎಂ-004ಟಿ ಎಂಬ ಪುಟ್ಟ ಮೀಟರ್, ಕರೆಂಟ್ ಅಳೆಯುವ ಅದರ ಸಿಟಿ ಕ್ಲಾಂಪ್, ಓದಲು ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್. ಕ್ಲಾಂಪ್ ಬಳೆಯ ಹಾಗೆ ವಯರಿನ ಸುತ್ತ ಕೂರುತ್ತದೆ. ಫೇಸ್ ವಯರೊಂದನ್ನೇ ಹಾಯಿಸಬೇಕು. ಮೂರೂ ವಯರಿರುವ ಕೇಬಲ್ಲಿನ ಮೇಲೆಯೇ ಕ್ಲಾಂಪ್ ಹಾಕಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸಿ ಮೀಟರ್ ಸೊನ್ನೆ ತೋರಿಸುತ್ತದೆ. ಆ ಮೀಟರಿನ ಒಂದು ಬದಿಯಲ್ಲಿ 230 ವೋಲ್ಟ್ ಮುಚ್ಚಿಗೆಯಿಲ್ಲದೆ ತೆರೆದೇ ಇರುವುದರಿಂದ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ, ಎಲೆಕ್ಟ್ರಿಷಿಯನ್ ಎರಡೂ ಬೇಕು.

ಮೊದಲ ವಾರದಲ್ಲೇ ಒಂದು ಬಲೆ ಕಂಡಿತು. ಪರೀಕ್ಷೆಗೆಂದು ಲೈನ್ ಆಫ್ ಮಾಡಿದರೆ ಪರದೆಯಲ್ಲಿ 332 ವ್ಯಾಟ್ ಹಾಗೇ ನಿಂತಿತ್ತು. ಅಳೆಯುವ ಚಿಪ್ಪಿಗೇ ಕರೆಂಟ್ ಆ ಲೈನಿನಿಂದ. ಲೈನ್ ಸತ್ತರೆ ಮೀಟರ್ ಉತ್ತರ ಕೊಡುವುದಿಲ್ಲ, ಪರದೆ ಕೊನೆಯ ಅಂಕಿಯನ್ನೇ ಹಿಡಿದುಕೊಂಡಿರುತ್ತದೆ. ಆದ್ದರಿಂದ ನಿಯಮ ಹೀಗೆ ಬದಲಾಯಿತು: 60 ಸೆಕೆಂಡು 150 ವ್ಯಾಟಿಗಿಂತ ಕಡಿಮೆ ಇದ್ದರೆ ಅಥವಾ 30 ಸೆಕೆಂಡು ಉತ್ತರವೇ ಬಾರದಿದ್ದರೆ, ಮಿಷನ್ ನಿಂತಿದೆ ಎಂದೇ ತಿಳಿ.

ಊರಿನ ಕರೆಂಟ್ ಇದೆಯೇ ಎಂಬುದಕ್ಕೆ ಬೇರೆ ಕಣ್ಣು, ಇನ್ವರ್ಟರಿಗಿಂತ ಮೊದಲಿನ ಸಾಕೆಟ್ಟಿನಲ್ಲಿ ಹಳೆಯ ಮೊಬೈಲ್ ಚಾರ್ಜರ್. ಅದರ 5 ವೋಲ್ಟನ್ನು ಎರಡು ರೆಸಿಸ್ಟರಿನಿಂದ 3.3ಕ್ಕಿಂತ ಕೆಳಗಿಳಿಸಿ ಇಎಸ್‌ಪಿ32ರ ಒಂದು ಕಾಲಿಗೆ ಕೊಟ್ಟದ್ದು. ಬೋರ್ಡಿಗೆ ಸ್ವಂತ 12 ವೋಲ್ಟ್ 7 ಎಎಚ್ ಬ್ಯಾಟರಿ. ಎಲ್ಲವೂ ಸತ್ತ ಮೇಲೆ ಕೂಗಬೇಕಾದ್ದು ಅದೇ ತಾನೇ.

ಬ್ಯಾಟರಿ ಎಷ್ಟು ಉಳಿದಿದೆ ಎಂದು ವೋಲ್ಟೇಜ್ ನೋಡಿ ಹೇಳುವುದು ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ಆಗದು. ಬಹುಪಾಲು ಹೊತ್ತು ಒಂದೇ ಮಟ್ಟದಲ್ಲಿದ್ದು ಕೊನೆಗೆ ದಬಕ್ಕನೆ ಬೀಳುತ್ತದೆ. ಅದಕ್ಕೇ ಕರೆಂಟ್ ಹೋದ ಕ್ಷಣದಿಂದ ಮೀಟರ್ ಕೂಡಿಸಿದ ವ್ಯಾಟ್-ಅವರ್ ನೋಡಿ, 1500 ಮುಟ್ಟಿದಾಗ ಎಚ್ಚರಿಕೆ. ಆಗ ಇನ್ನೂ ಒಂದು ಗಂಟೆ ಚಿಲ್ಲರೆ ಉಳಿದಿರುತ್ತದೆ.

ಈ ತೀರ್ಮಾನಗಳೆಲ್ಲ ಇಎಸ್‌ಪಿ32ರ ಒಳಗೇ ಆಗುತ್ತವೆ. ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ ಹಾಕಿದ ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ ಒಂದಿದೆ, ದಿನಚರಿ ಬರೆದುಕೊಳ್ಳಲು ಮಾತ್ರ. ಎರಡನೇ ತಿಂಗಳಿಗೆ, ಕರೆಂಟ್ ಹೋಗಿ ಬಂದೂ ಹೋಗಿ ಬಂದೂ, ಅದರ ಎಸ್‌ಡಿ ಕಾರ್ಡ್ ಕೆಟ್ಟಿತು. ಲೆಕ್ಕ ಹೋಯಿತು, ಅಲಾರಾಂ ಉಳಿಯಿತು. ಈಗ ಎಸ್‌ಎಸ್‌ಡಿ ಹಾಕಿದೆ.

ಯಾರನ್ನು ಎಬ್ಬಿಸಬೇಕು?

ಮಿಷನ್ ನಿಂತಾಗ ಬೇಕಾಗುವ ಆಕ್ಸಿಜನ್ ಸಿಲಿಂಡರನ್ನು ಬೆಂಗಳೂರಿನಲ್ಲಿರುವ ಮಗನಿಗೆ ಎತ್ತಿಕೊಡಲಾಗದು. ಹಳೆಯ ವ್ಯವಸ್ಥೆಯ ಮೂಲ ತಪ್ಪು, ಎಚ್ಚರಿಕೆ ಮೊದಲು ಹೋಗುತ್ತಿದ್ದುದೇ ಅಲ್ಲಿಗೆ. ಕರೆಂಟ್ ಹೋದರೆ ರೂಟರಿಗೆ ನಾವು ಬ್ಯಾಟರಿ ಕೊಡಬಹುದು; ಫೈಬರಿನ ಆ ತುದಿಯ ಪೆಟ್ಟಿಗೆಗೂ ಮೊಬೈಲ್ ಟವರಿಗೂ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಮೊದಲು ಮನೆಯೊಳಗೆ, ಆಮೇಲೆ ಪಕ್ಕದ ಮನೆಗೆ, ಕೊನೆಗೆ ಫೋನಿಗೆ.

ಮನೆಯೊಳಗೆ ಬೀಪ್ ಸದ್ದು ಬೇಡವೆಂದು ಮೊಮ್ಮಗಳ ದನಿ ರೆಕಾರ್ಡ್ ಮಾಡಿ ಪುಟ್ಟ ಎಂಪಿ3 ಬೋರ್ಡಿಗೆ ತುಂಬಲಾಯಿತು. ಕರೆಂಟ್ ಹೋದಾಗ: ‘ಅಜ್ಜಿ, ಕರೆಂಟ್ ಹೋಗಿದೆ. ಮಿಷನ್ ಬ್ಯಾಟರೀಲಿ ಓಡ್ತಾ ಇದೆ, ಹೆದರ್ಬೇಡ.’ 1500 ಮುಟ್ಟಿದಾಗ: ‘ಅಜ್ಜಾ, ಬ್ಯಾಟರಿ ಇನ್ನೊಂದ್ ಗಂಟೆ ಬರತ್ತೆ. ಸಿಲಿಂಡರ್ ರೆಡಿ ಮಾಡ್ಕ.’ ನಿಂತಾಗ: ‘ಮಿಷನ್ ನಿಂತಿದೆ, ಈಗ್ಲೇ ಸಿಲಿಂಡರ್ ಹಾಕ್ಕಳಿ!’ ಬೀಪ್ ಸದ್ದು ಫ್ರಿಜ್ಜಿನದೋ ಇನ್ವರ್ಟರಿನದೋ ಫೋನಿನದೋ ಎಂದು ಹುಡುಕುತ್ತಾ ಕೂರುವುದು ತಪ್ಪಿತು. ಮೂರನೆಯದಕ್ಕೆ ಜೊತೆಯಲ್ಲಿ 12 ವೋಲ್ಟಿನ ಸೈರನ್, ಅಜ್ಜನ ದಿಂಬಿನ ಕೆಳಗೆ ಗಡಗಡ ಅದುರುವ ಬಿಲ್ಲೆ. ಮಳೆಯ ಸದ್ದಿಗೂ ಮಂದ ಕಿವಿಗೂ ಅದೇ ಮದ್ದು. ನಿಲ್ಲಿಸಲು ಮಂಚದ ಪಕ್ಕ, ಕೂತ ಎತ್ತರಕ್ಕೆ, ಅಂಗೈಯಗಲದ ಕೆಂಪು ಗುಂಡಿ.

ಮೂರು ನಿಮಿಷದೊಳಗೆ ಗುಂಡಿ ಒತ್ತದಿದ್ದರೆ ತೋಟದಾಚೆಯ ಮನೆಯಲ್ಲಿ ಗಂಟೆ ಹೊಡೆಯುತ್ತದೆ. ಮೊದಲ ಯೋಚನೆ ವಯರೆಳೆದು ಕಾಲ್‌ಬೆಲ್ ಹಾಕುವುದಾಗಿತ್ತು. 350 ಮೀಟರ್ ತಾಮ್ರದ ತಂತಿ ಬಯಲಲ್ಲಿ ಎಳೆದರೆ ಸಿಡಿಲಿಗೆ ಎರಡೂ ಮನೆಯ ಬಾಗಿಲು ತೆರೆದಂತೆ. ಬದಲಿಗೆ, ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ಲೋರಾ ರೇಡಿಯೊ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಡ. ಎಸ್‌ಎಕ್ಸ್1276 ಚಿಪ್ಪಿನ ಎರಡು ಬೋರ್ಡ್ ತಂದು ಪ್ರೋಗ್ರಾಮಿನಲ್ಲಿ 866ಕ್ಕೆ ಇಟ್ಟರೆ ಆಯಿತು. ಆಂಟೆನಾ ಸಿಕ್ಕಿಸದೆ ಬೋರ್ಡಿಗೆ ಕರೆಂಟ್ ಕೊಟ್ಟರೆ ರೇಡಿಯೊ ಸುಡಬಹುದು. ಮಳೆಯಲ್ಲಿ ನೆನೆದ ಅಡಿಕೆ ಸೋಗೆ ಸಂಕೇತವನ್ನು ಚೆನ್ನಾಗಿಯೇ ಹೀರುತ್ತದೆ. ಮೇಜಿನ ಮೇಲಿಟ್ಟಾಗ ಅರ್ಧಕ್ಕರ್ಧ ಸಂದೇಶ ಕಾಣೆಯಾಗುತ್ತಿತ್ತು. ಆಂಟೆನಾವನ್ನು ಹೆಂಚಿನ ಕೆಳಗೆ ಮಾಡಿನ ತುದಿಗೆ ಏರಿಸಿದ ಮೇಲೆ ಸರಿಹೋಯಿತು. ತಗಡಿನ ಮಾಡಾಗಿದ್ದರೆ ಹೊರಗೇ ಇಡಬೇಕಿತ್ತು.

ಈ ರೇಡಿಯೊ ಹತ್ತು ನಿಮಿಷಕ್ಕೊಮ್ಮೆ ‘ಇದ್ದೇನೆ’ ಎಂದು ಹೇಳುತ್ತಿರುತ್ತದೆ. ಅರ್ಧ ಗಂಟೆ ಸುದ್ದಿಯಿಲ್ಲದಿದ್ದರೆ ಪಕ್ಕದ ಮನೆಯ ಡಬ್ಬಿಯಲ್ಲಿ ಹಸಿರು ದೀಪ ಆರಿ ಸಣ್ಣಗೆ ಕೂಗುತ್ತದೆ. ಮಗನಿಗೂ ಬೆಳಗ್ಗೆ ಏಳಕ್ಕೆ ಒಂದೇ ಒಂದು ಸಂದೇಶ ಹೋಗುತ್ತದೆ: ‘ಎಲ್ಲ ಸರಿ, ನಿನ್ನೆ 15 ಗಂಟೆ 20 ನಿಮಿಷ.’ ಬಾರದ ದಿನ ಆತ ಪಕ್ಕದ ಮನೆಗೆ ಫೋನು ಮಾಡಬೇಕು.

ಸಿಲಿಂಡರ್

ಬಿ ಟೈಪ್ ಸಿಲಿಂಡರ್ ಎರಡು. ಒಂದರ ನೀರಿನ ಅಳತೆ 10 ಲೀಟರ್, ತುಂಬಿದಾಗ ಒತ್ತಡದ ಮೀಟರಿನಲ್ಲಿ 150, ಅಂದರೆ 1500 ಲೀಟರ್ ಆಕ್ಸಿಜನ್. ಮೀಟರಿನ ಅಂಕಿಯನ್ನು 10ರಿಂದ ಗುಣಿಸಿ, ನಿಮಿಷಕ್ಕೆ ಹೋಗುವ ಲೀಟರಿನಿಂದ ಭಾಗಿಸಿದರೆ ಉಳಿದ ನಿಮಿಷ. ತುಂಬಿದ್ದು 2 ಲೀಟರಿಗೆ 750 ನಿಮಿಷ, ಹನ್ನೆರಡೂವರೆ ಗಂಟೆ. ಮುಳ್ಳು 75ರಲ್ಲಿದ್ದರೆ ಆರೂಕಾಲು. 20ಕ್ಕೆ ಬಂದಾಗ ಬದಲಿಸುವುದು. ಈ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಿಲಿಂಡರಿಗೇ ಅಂಟಿಸಿದೆ.

ಸಿಲಿಂಡರ್ ಗೋಡೆಗೆ ಸರಪಳಿಯಲ್ಲಿ ಕಟ್ಟಿದೆ, ಸ್ಪ್ಯಾನರ್ ಅದರ ಕುತ್ತಿಗೆಗೇ ದಾರದಲ್ಲಿ. ಒಲೆ, ಬಚ್ಚಲ ಹಂಡೆಯ ಬೆಂಕಿ, ದೇವರ ದೀಪ, ಎಲ್ಲದರಿಂದ ಮೂರು ಮೀಟರ್ ದೂರ. ಅಜ್ಜಿ ಮೂಗಿಗೆ ನಳಿಕೆ ಹಾಕಿಕೊಂಡೇ ದೀಪ ಹಚ್ಚಲು ಹೋಗುವಂತಿಲ್ಲ. ಆಕ್ಸಿಜನ್ ಕುಡಿದ ಸೆರಗಿಗೆ ಕಿಡಿ ಸಾಕು. ಇನ್ನೊಂದು ವಿಷಯ ಮಲೆನಾಡಿನವರಿಗೇ ಹೇಳಬೇಕಾದದ್ದು: ಕೊಬ್ಬರಿ ಎಣ್ಣೆಯ ಕೈಯಲ್ಲಿ ವಾಲ್ವ್ ಮುಟ್ಟಕೂಡದು. ಬಿಗಿಯಾಗಿದೆ ಎಂದು ಒಂದು ತೊಟ್ಟು ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಅಷ್ಟು ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಬೆಂಕಿಕಡ್ಡಿಯ ಅಗತ್ಯವಿಲ್ಲ.

ಹಾಕಿದ ಮೇಲೆ ಕೆಟ್ಟದ್ದು

ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಆರ್‌ಸಿಸಿಬಿ ದಿನಕ್ಕೆರಡು ಸಲ ಬೀಳತೊಡಗಿತು. ಮಳೆಗೆ ಪಂಪಿನ ವಯರು ಸೋರುತ್ತಿದೆ ಎಂದುಕೊಂಡರೆ ಕಾರಣ ಬೇರೆ. ಮೆಡಿಕಲ್ ಲೈನಿನ ನ್ಯೂಟ್ರಲ್ಲನ್ನು ಹಳೆ ಬೋರ್ಡಿನ ನ್ಯೂಟ್ರಲ್ ಪಟ್ಟಿಗೇ ಸೇರಿಸಿದ್ದರು. ಒಂದು ದಾರಿಯಲ್ಲಿ ಹೋದ ಕರೆಂಟ್ ಇನ್ನೊಂದು ದಾರಿಯಲ್ಲಿ ಮರಳಿದರೆ ಆರ್‌ಸಿಸಿಬಿಗೆ ಅದು ಸೋರಿಕೆಯೇ. ಮೆಡಿಕಲ್ ಲೈನಿಗೆ ಬೇರೆ ನ್ಯೂಟ್ರಲ್, ಸೋರಿಕೆಗೂ ಹೆಚ್ಚು ಹೊರೆಗೂ ಬೀಳುವ ಬೇರೆಯೇ 30 ಮಿಲಿಆಂಪಿನ ಆರ್‌ಸಿಬಿಒ ಹಾಕಿದ ಮೇಲೆ ಪಂಪಿನ ತಂಟೆ ಮಿಷನ್ನಿಗೆ ತಾಗುತ್ತಿಲ್ಲ.

ಸಿಡಿಲಿಗೆ, ಹಠಾತ್ ಏರುವ ವೋಲ್ಟೇಜನ್ನು ನೆಲಕ್ಕೆ ಇಳಿಸಲು, ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಇದೆ. ಅದರ ಕಿಟಕಿ ಹಸಿರಿನಿಂದ ಕೆಂಪಾದರೆ ಒಳಗಿನ ತುಂಡು ಬದಲಿಸಬೇಕು. ಆದರೆ ಅರ್ಥಿಂಗ್ ಸರಿಯಿಲ್ಲದೆ ಅದು ಬರೀ ಅಲಂಕಾರ. ಅರ್ಥ್ ಪರೀಕ್ಷೆಯನ್ನು ಆಗಸ್ಟಿನಲ್ಲಿ ಮಾಡಿ ಸಮಾಧಾನಪಟ್ಟುಕೊಳ್ಳಬಾರದು. ನೆಲ ಒಣಗಿರುವ ಏಪ್ರಿಲ್‌ನಲ್ಲಿ, ಅಡಮಳೆಯ ಗುಡುಗು ಶುರುವಾಗುವ ಮೊದಲು ಅಳೆಯಬೇಕು. ಇಲ್ಲಿ ಅಂಗಳದ ಜಂಬಿಟ್ಟಿಗೆ ನೆಲದ ಹಳೆ ಅರ್ಥಿಂಗ್ ಗುಂಡಿ 28 ಓಮ್ ತೋರಿಸಿತು. ತೋಟದ ಅಂಚಿನ ತೇವದ ಜಾಗದಲ್ಲಿ 3 ಮೀಟರಿನ ಎರಡು ರಾಡ್, ತೇವ ಹಿಡಿದಿಡುವ ಬೆಂಟೊನೈಟ್ ಮಣ್ಣು ಹಾಕಿ ಇಳಿಸಿದ ಮೇಲೆ 4ಕ್ಕೆ ಬಂತು.

ಗುಡುಗು ಕೇಳಿದರೆ ಪ್ಲಗ್ ಕೀಳುವುದು ನಮ್ಮ ಕಡೆಯ ರಕ್ತದಲ್ಲೇ ಇದೆ. ಒಳ್ಳೆಯ ಅಭ್ಯಾಸವೇ, ಆದರೆ ಮತ್ತೆ ಸಿಕ್ಕಿಸುವುದು ಮರೆಯುತ್ತದೆ. ಸೆಪ್ಟೆಂಬರಿನಲ್ಲಿ ಅಜ್ಜ ಕಿತ್ತ ಪ್ಲಗ್ಗುಗಳಲ್ಲಿ ಊರಿನ ಕರೆಂಟ್ ನೋಡುವ ಆ ಚಾರ್ಜರೂ ಇತ್ತು. ಮೊಮ್ಮಗಳ ದನಿ ರಾತ್ರಿಯಿಡೀ ಕರೆಂಟ್ ಹೋಗಿದೆ ಎಂದಿತು. ಈಗ ಕೀಳಬಾರದ ಪ್ಲಗ್ಗಿಗೆಲ್ಲ ಕೆಂಪು ಟೇಪು.

ಮಿಷನ್ನಿಗೆ ಜೋಡಿಸಿದ ನೀರಿನ ಬಾಟಲಿಯಿಂದ ತೇವ ಹೊತ್ತು ಬರುವ ಗಾಳಿ ತಣ್ಣನೆಯ ನೆಲದ ಮೇಲಿನ ಹತ್ತು ಮೀಟರ್ ನಳಿಕೆಯಲ್ಲಿ ಹನಿಗಟ್ಟಿ, ನಡುರಾತ್ರಿ ಅಜ್ಜಿಯ ಮೂಗಿಗೆ ನೀರು ಬರುತ್ತಿತ್ತು. 4 ಲೀಟರಿಗಿಂತ ಕಡಿಮೆ ಹರಿವಿಗೆ ಸಾಮಾನ್ಯವಾಗಿ ಆ ಬಾಟಲಿಯೇ ಬೇಕಿಲ್ಲ. ವೈದ್ಯರನ್ನು ಕೇಳಿ ತೆಗೆದರು. ನಳಿಕೆಯನ್ನು ನೆಲದಿಂದ ಒಂದಡಿ ಎತ್ತರಕ್ಕೆ ಗೋಡೆಗುಂಟ ಕೊಕ್ಕೆಯಲ್ಲಿ ಕಟ್ಟಿದ್ದರಿಂದ ಎಡವುವುದೂ ತಪ್ಪಿತು, ಇಲಿಯ ಕಾಟವೂ ತಗ್ಗಿತು.

ಮಿಷನ್ನಿನ ಹಿಂದಿನ ಸ್ಪಂಜು ಫಿಲ್ಟರ್ ವಾರಕ್ಕೊಮ್ಮೆ ತೊಳೆಯಬೇಕು. ಶ್ರಾವಣದಲ್ಲಿ ಅದು ಮೂರು ದಿನವಾದರೂ ಒಣಗದು. ಹಸಿಯನ್ನೇ ಹಾಕಿದರೆ ತೇವ ಒಳಗಿನ ಜಿಯೊಲೈಟ್‌ವರೆಗೆ ಹೋಗಿ, ಆಕ್ಸಿಜನ್ ಬೇರ್ಪಡಿಸುವ ಅದರ ಶಕ್ತಿಯೇ ಕುಂದುತ್ತದೆ, ಶೇ. 93ರ ಸುಮಾರಿಗೆ ಇರಬೇಕಾದ ಶುದ್ಧತೆ ಇಳಿಯುತ್ತದೆ. ಬಟ್ಟೆಯಂತೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಮಸಿ. ಮೂರು ಫಿಲ್ಟರ್ ಇಟ್ಟುಕೊಂಡು ಸುತ್ತಿನಲ್ಲಿ ಬಳಸುವುದೊಂದೇ ದಾರಿ. ಮಿಷನ್ ಇದ್ದ ಜಾಗವೂ ತಪ್ಪಾಗಿತ್ತು. ಅಡುಗೆಮನೆಯ ಗೋಡೆಯ ಪಕ್ಕದಿಂದ ನಡುಮನೆಗೆ, ಗೋಡೆಗೆ ಒಂದಡಿ ಬಿಟ್ಟು, ಬಂದಿದೆ. ಇಎಸ್‌ಪಿ32ರ ಡಬ್ಬಿಗೆ ಇರುವೆ ಗೂಡು ಕಟ್ಟಿದ್ದೂ ಉಂಟು. ವಯರು ಹೋಗುವ ತೂತಿಗೆ ಸಿಲಿಕೋನ್ ತುಂಬಿದ ಮೇಲೆ ನಿಂತಿತು.

ಅಜ್ಜನ ಇನ್ಸುಲಿನ್ನಿಗೆ ಮಾಡಿದ್ದು ಸಣ್ಣ ಕೆಲಸ. ಡಿಎಸ್18ಬಿ20 ಉಷ್ಣಮಾಪಕದ ತುದಿಯನ್ನು 50 ಮಿಲಿ ನೀರಿನ ಬಾಟಲಿಯಲ್ಲಿ ಮುಳುಗಿಸಿ ಇನ್ಸುಲಿನ್ ಪಕ್ಕದಲ್ಲೇ ಇಡಲಾಯಿತು. ನೀರಿನೊಳಗೆ ಇಟ್ಟರೆ ಬಾಗಿಲು ತೆರೆದಾಗಲೆಲ್ಲ ಅಂಕಿ ಹಾರುವುದಿಲ್ಲ. ಹೆದರಿಕೆ ಇದ್ದದ್ದು ಕರೆಂಟ್ ಹೋಗಿ ಬಿಸಿಯಾಗುವುದರ ಬಗ್ಗೆ. ಕಂಡದ್ದು ರಾತ್ರಿ ಅರ್ಧ ಡಿಗ್ರಿಗೆ ಇಳಿಯುತ್ತಿರುವುದು. ಡಬ್ಬಿಯನ್ನು ಫ್ರೀಜರ್ ತಳಕ್ಕೆ ತಾಗುವಂತೆ ಇಟ್ಟಿದ್ದರು. 2ರಿಂದ 8 ಡಿಗ್ರಿ ಇರಬೇಕು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು. ಇದ್ದುದನ್ನೆಲ್ಲ ಎಸೆದು ಹೊಸದನ್ನು ನಡುವಿನ ತಟ್ಟೆಗೆ ಇಟ್ಟರು. ಬಳಕೆಯಲ್ಲಿರುವ ಪೆನ್ನಿಗೆ ಮಲೆನಾಡಿನ ಮಳೆಗಾಲದಲ್ಲಿ ಫ್ರಿಜ್ಜೇ ಬೇಡ, ಮನೆಯೊಳಗೆ 30 ಡಿಗ್ರಿ ದಾಟುವುದಿಲ್ಲ.

ದಿನಕ್ಕೆ 11 ಗಂಟೆ

ಮೊದಲ ತಿಂಗಳ ಲೆಕ್ಕ ತೆಗೆದಾಗ ಮಿಷನ್ ಓಡಿದ್ದು ದಿನಕ್ಕೆ ಸರಾಸರಿ 11 ಗಂಟೆ. 15 ಆಗಬೇಕಿತ್ತು. ಕರೆಂಟ್ ಇಲ್ಲದ ಹೊತ್ತಿಗೂ ಇದಕ್ಕೂ ಸಂಬಂಧವಿರಲಿಲ್ಲ. ಹಗಲಲ್ಲಿ ಯಾರೋ ಆರಿಸುತ್ತಿದ್ದರು. ಆರಿಸುತ್ತಿದ್ದವರು ಅಜ್ಜಿಯೇ. ಮನೆ ಗೃಹಜ್ಯೋತಿಯಲ್ಲಿದೆ. 330 ವ್ಯಾಟ್ 15 ಗಂಟೆ ಓಡಿದರೆ ದಿನಕ್ಕೆ 5 ಯೂನಿಟ್, ತಿಂಗಳಿಗೆ 150. ಮನೆಯ ಉಳಿದ ಖರ್ಚು 90. ಒಟ್ಟು 240. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕೆಂಬುದು ಅಜ್ಜಿಗೆ ಗೊತ್ತು. ನೆಂಟರು ಬಂದರೆ ಮಿಷನ್ ಸದ್ದಿಗೆ ನಾಚಿಕೆ ಬೇರೆ.

ಇದಕ್ಕೆ ಸೆನ್ಸರಿನಲ್ಲಿ ಪರಿಹಾರವಿರಲಿಲ್ಲ. ನಾಲ್ಕು ದಿನದ ಆಸ್ಪತ್ರೆಯ ಚೀಟಿಯನ್ನೂ ಒಂದು ವರ್ಷದ ಕರೆಂಟ್ ಬಿಲ್ಲನ್ನೂ ಸೊಸೆ ಪಕ್ಕಪಕ್ಕ ಇಟ್ಟು ತೋರಿಸಿದಳು. ಬಿಲ್ ಕಟ್ಟುವುದು ಮಗನ ಫೋನಿಗೆ ಹೋಯಿತು. ಈಗಿನ ಸರಾಸರಿ 15 ಗಂಟೆ ಮೇಲೆ. ಇಡೀ ವ್ಯವಸ್ಥೆಯಲ್ಲಿ ಅಜ್ಜಿಯ ಆರೋಗ್ಯಕ್ಕೆ ಹೆಚ್ಚು ಉಪಯೋಗ ಬಂದದ್ದು ಅಲಾರಾಮಿಗಿಂತ ಈ ಗಂಟೆಯ ಲೆಕ್ಕವೇ ಎಂದು ನಮಗನಿಸುತ್ತದೆ.

ಬೇಕೆಂದೇ ಬಿಟ್ಟ ಕೆಲವು ಇವೆ. ಆಕ್ಸಿಮೀಟರನ್ನು ಅಲಾರಾಮಿಗೆ ಜೋಡಿಸಿಲ್ಲ. ತಣ್ಣಗಿನ ಬೆರಳು, ಉಗುರಿನ ಬಣ್ಣ, ಕೈ ಅಲುಗಾಟ, ಇಷ್ಟಕ್ಕೇ ಅದು ಸುಳ್ಳು ಹೇಳುತ್ತದೆ, ಎರಡು ಸುಳ್ಳು ಅಲಾರಾಮಿಗೆ ಮನೆಯವರು ತಂತಿ ಕಿತ್ತು ಹಾಕುತ್ತಾರೆ. ದಿನಕ್ಕೆ ಮೂರು ಸಲ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ನೋಡಿ ಪುಸ್ತಕದಲ್ಲಿ ಬರೆಯುವುದೇ ನಡೆದಿದೆ. ಅಂಕಿ ನೋಡಿ ಹರಿವನ್ನು ತಾನೇ ಏರಿಸುವ ಯಾವ ಯೋಜನೆಯೂ ಬೇಡ. 2ರ ಗೆರೆಗೆ ಬಿಳಿ ಟೇಪು ಅಂಟಿಸಿದೆ. ಮಾತಿನಿಂದ ನಡೆಸುವ ಸ್ಪೀಕರ್ ಕೂಡ ತೆಗೆಸಲಾಯಿತು. ಉಸಿರು ಕಟ್ಟಿದ ಹೊತ್ತಿನಲ್ಲಿ ಯಂತ್ರಕ್ಕೆ ಅರ್ಥವಾಗುವಂತೆ ಪೂರ್ತಿ ವಾಕ್ಯ ಹೇಳುವುದು ಯಾರಿಂದಾದೀತು?

ಒಂದು ತೂತು ಬಹಳ ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಿಲಿಂಡರ್ ಹಾಕಬೇಕಾದವರು ಅಜ್ಜ. ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜನಿಗೇ ರಾತ್ರಿ ಸಕ್ಕರೆ ಇಳಿದು ಏಳಲಾಗದಿದ್ದರೆ? ಅದಕ್ಕೇ ಒಂದು ಸಿಲಿಂಡರನ್ನು ಅಜ್ಜಿಯ ಮಂಚದ ಕೈಯಳತೆಗೆ ತಂದು, ರೆಗ್ಯುಲೇಟರ್ 2ಕ್ಕೆ ಇಟ್ಟು, ಇನ್ನೊಂದು ನಳಿಕೆ ಸಿಕ್ಕಿಸಿಯೇ ಇಡಲಾಗಿದೆ. ವಾಲ್ವ್ ತಿರುಗಿಸಿದರೆ ಸಾಕು.

ಪ್ರತಿ ತಿಂಗಳ ಮೊದಲ ಭಾನುವಾರ, ಬೆಳಗಿನ ತಿಂಡಿಯಾದ ಮೇಲೆ, ಮೆಡಿಕಲ್ ಲೈನಿನ ಎಂಸಿಬಿ ಇಳಿಸಿ ಹತ್ತು ನಿಮಿಷ ಇನ್ವರ್ಟರಿನ ಮೇಲೆ ನೋಡುತ್ತಾರೆ. ಆಮೇಲೆ ಮಿಷನ್ ನಿಲ್ಲಿಸಿ ಸಿಲಿಂಡರಿಗೆ ಬದಲಿಸುವ ಅಭ್ಯಾಸ. ಮೇ, ಸೆಪ್ಟೆಂಬರ್, ಜನವರಿಯಲ್ಲಿ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಬ್ಯಾಟರಿಯನ್ನು ಪೂರ್ತಿ ಓಡಿಸುತ್ತಾರೆ. 4 ಗಂಟೆಗಿಂತ ಇಳಿದರೆ ಬದಲಿಸುವುದೆಂದು ತೀರ್ಮಾನ. ಲೆಕ್ಕವೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿದೆ. ಬ್ಯಾಟರಿ: 5.25, 5.20, 5.20. ಸಿಲಿಂಡರ್ ಬದಲಿಸಲು ಅಜ್ಜನಿಗೆ ಹಿಡಿದ ನಿಮಿಷ: 9, 6, 4, 4. ಅದರ ಕೆಳಗೆ ಬೇರೆ ಕೈಬರಹದಲ್ಲಿ ಅಜ್ಜಿಯದು: 7, 3.